ಗಿಣ್ಣ: ಕರು ಕುಡಿದು ಮಿಕ್ಕಿದ್ದು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಲಿನ ಹಳ್ಳಿಗಳಲ್ಲಿ ಬೆಳಗಿನ ಹಾಲು ಈಗ ಹೆಚ್ಚಾಗಿ ಹೋಗುವುದು ಡೇರಿಗೆ. ಕ್ಯಾನು ಹಿಡಿದು ಹೋಗಬೇಕು, ಜಿಡ್ಡು ಅಳೆಸಬೇಕು, ಲೆಕ್ಕ ಬರೆಸಿ ಬರಬೇಕು. ಆದರೆ ಮನೆಯ ಆಕಳೋ ಎಮ್ಮೆಯೋ ಈದ ಮೇಲೆ ನಾಲ್ಕೈದು ದಿನ ಆ ಹಾಲಿಗೆ ಡೇರಿಯ ಬಾಗಿಲು ಮುಚ್ಚಿರುತ್ತದೆ. ಕೊಂಡೊಯ್ದರೂ ಸಂಘದವರು ತೆಗೆದುಕೊಳ್ಳುವುದಿಲ್ಲ. ಬಿಸಿ ತಾಗಿದೊಡನೆ ಒಡೆದು ಗಟ್ಟಿಯಾಗುವ ಹಾಲು ಅದು. ಒಂದು ಮನೆಯದು ಸೇರಿದರೂ ಉಳಿದವರ ಹಾಲಿಗೆ ಕುತ್ತು. ನಮ್ಮ ಆಹಾರ ಕಾನೂನು 'ಹಾಲು' ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲೇ, ಅದರಲ್ಲಿ ಗಿಣ್ಣದ ಹಾಲು ಇರಕೂಡದು ಎಂಬ ಮಾತಿದೆ.

ಹೀಗೆ ವ್ಯಾಪಾರದಿಂದ ಹೊರಗುಳಿದ ಆ ನಾಲ್ಕೈದು ದಿನದ ಹಾಲು ಚರಿಗೆ, ತಂಬಿಗೆಗಳಲ್ಲಿ ಓಣಿ ಸುತ್ತುತ್ತದೆ. 'ಯಕ್ಕಾ, ನಮ್ಮ ಎಮ್ಮಿ ಈದೈತಿ, ಗಿಣ್ಣದ ಹಾಲು ತಂದೀನಿ, ಬೋಗಾಣಿ ಕೊಡ್ರಿ' ಎಂಬ ಕರೆ ಬಂದರೆ ಆ ಮನೆಯ ಮಕ್ಕಳಿಗೆ ಅಂದು ಹಬ್ಬ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದೆ ಒಂದಚ್ಚು ಬೆಲ್ಲವನ್ನೋ ಒಂದು ಹಿಡಿ ಅಕ್ಕಿಯನ್ನೋ ಹಾಕಿ ಕಳಿಸುವ ರೂಢಿ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ಪಟ್ಟಣದಲ್ಲಿ ಕೋಣೆ ಮಾಡಿಕೊಂಡು ಓದುವ ಹುಡುಗರಿಗೆ ಬೆಳಗಿನ ಬಸ್ಸಿನಲ್ಲಿ ಬರುವ ಬುತ್ತಿ ಡಬ್ಬಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿಯ ಜೊತೆಗೆ ಎರಡು ತುಂಡು ಗಿಣ್ಣ ಇದ್ದರೆ, ಊರಲ್ಲಿ ಯಾವುದೋ ಕೊಟ್ಟಿಗೆಗೆ ಹೊಸ ಕರು ಬಂದಿದೆ ಎಂಬ ಸುದ್ದಿಯೂ ಅದರೊಡನೆ ತಲುಪುತ್ತದೆ.

ನಮ್ಮ ಕಡೆ ಗಿಣ್ಣ ಎನ್ನುವುದನ್ನು ಹಳೆ ಮೈಸೂರಿನವರು ಗಿಣ್ಣು ಎನ್ನುತ್ತಾರೆ. ಮರಾಠಿಯಲ್ಲಿ ಖರವಸ, ತೆಲುಗಿನಲ್ಲಿ ಜುನ್ನು, ತಮಿಳಿನಲ್ಲಿ ಸೀಂಪಾಲ್. ಹೈನು ಇರುವಲ್ಲೆಲ್ಲ ಇದಕ್ಕೊಂದು ಹೆಸರುಂಟು. ಇಂಗ್ಲಿಷರು 'ಬೀಸ್ಟಿಂಗ್ಸ್' ಎಂದು ಕರೆದು ಇದರ ಪುಡ್ಡಿಂಗ್ ಮಾಡುತ್ತಿದ್ದರು. ಐಸ್‌ಲ್ಯಾಂಡಿನವರು ಬಿಸಿನೀರಿನ ಪಾತ್ರೆಯೊಳಗಿಟ್ಟು ಬೇಯಿಸಿ ದಾಲ್ಚಿನ್ನಿ, ಸಕ್ಕರೆ ಉದುರಿಸಿಕೊಂಡು ತಿನ್ನುತ್ತಾರೆ. ಫಿನ್‌ಲ್ಯಾಂಡಿನವರು ಒಲೆಯ ಗೂಡಿನೊಳಗಿಟ್ಟು ಮೇಲ್ಮೈ ಕಂದು ಬಣ್ಣಕ್ಕೆ ತಿರುಗುವವರೆಗೆ ಸುಡುತ್ತಾರೆ. ಹಬೆಗೆ ಬದಲು ಬೆಂಕಿಯ ಗೂಡು, ಬೆಲ್ಲಕ್ಕೆ ಬದಲು ಒಂದಿಷ್ಟು ಉಪ್ಪು ಅಥವಾ ಸಕ್ಕರೆ; ಉಳಿದಂತೆ ನಮ್ಮ ಗಿಣ್ಣವೇ.

ಇಟಲಿಯ ನೆಂಟ

ಇದೇ ಬಳಗದ, ಸ್ವಲ್ಪ ದೂರದ ನೆಂಟನೊಬ್ಬ ಇಟಲಿಯಲ್ಲಿದ್ದಾನೆ. ಹೆಸರು ರಿಕೋಟ್ಟಾ. ಲ್ಯಾಟಿನ್ ಮೂಲದ ಈ ಪದದ ಅರ್ಥ 'ಮತ್ತೆ ಬೇಯಿಸಿದ್ದು'. ಅಲ್ಲಿಯ ಕುರಿಗಾಹಿಗಳು ಕುರಿ, ಆಡು, ಆಕಳ ಹಾಲಿನಿಂದ ಗಿಣ್ಣನ್ನು (ಅಂಗಡಿಯವರು 'ಚೀಸ್' ಎನ್ನುವುದನ್ನು) ತೆಗೆದ ಮೇಲೆ ಹಸಿರು ಛಾಯೆಯ ತಿಳಿನೀರು ಉಳಿಯುತ್ತದೆ. ನಾವು ಹಾಲೊಡಕು ಎನ್ನುವುದು ಇದನ್ನೇ. ಆ ನೀರನ್ನು ಚೆಲ್ಲದೆ ಮತ್ತೆ ಒಲೆಗೇರಿಸಿ 80-85 ಡಿಗ್ರಿ ಸೆಲ್ಷಿಯಸ್‌ನಷ್ಟು ಕಾಯಿಸಿದರೆ ಮೇಲೆ ಬಿಳಿಯ ಮೋಡದಂಥ ಪದಾರ್ಥ ತೇಲಿ ಬರುತ್ತದೆ. ಅದನ್ನು ಜಾಲರಿಯ ಸೌಟಿನಿಂದ ಎತ್ತಿ ಬುಟ್ಟಿಯಲ್ಲಿ ಸೋರಲು ಬಿಟ್ಟರೆ ರಿಕೋಟ್ಟಾ.

ಇಟಲಿಯ ಹಬ್ಬದ ಸಿಹಿತಿಂಡಿಗಳಲ್ಲಿ ಹಲವು ಇದನ್ನು ಬೇಯಿಸಿ ಮಾಡಿದವು. ಸಿಸಿಲಿ ದ್ವೀಪದಲ್ಲಿ ಸಕ್ಕರೆ ಬೆರೆಸಿದ ರಿಕೋಟ್ಟಾವನ್ನು ಹಿಟ್ಟಿನ ಕಣಕದೊಳಗೆ ತುಂಬಿ ಗೂಡೊಲೆಯಲ್ಲಿ ಸುಡುತ್ತಾರೆ. ಒಂದು ಲೆಕ್ಕಕ್ಕೆ ಹೂರಣದ ಹೋಳಿಗೆಯೇ, ಬೇಳೆಯ ಬದಲು ಹಾಲಿನ ಹೂರಣ. ನೇಪಲ್ಸ್ ನಗರದ ಈಸ್ಟರ್ ಹಬ್ಬದ 'ಪಾಸ್ತಿಯೇರಾ' ಇನ್ನೂ ಹತ್ತಿರದ್ದು. ಹಾಲಿನಲ್ಲಿ ಬೇಯಿಸಿದ ಇಡೀ ಗೋಧಿ, ರಿಕೋಟ್ಟಾ, ಮೊಟ್ಟೆ, ಸಕ್ಕರೆ, ಕಿತ್ತಳೆ ಹೂವಿನ ಪರಿಮಳದ ನೀರು ಸೇರಿಸಿ ಸುಟ್ಟ ಕಡುಬು ಅದು. ಕುಟ್ಟಿದ ಗೋಧಿಯ ಹುಗ್ಗಿ ಉಂಡು ಬೆಳೆದವರಿಗೆ ಅದರ ರುಚಿ ಊಹಿಸುವುದು ಕಷ್ಟವಾಗಲಾರದು.

ಈ ಅಡಿಗೆಯ ವಂಶಾವಳಿಯೂ ಉದ್ದವಾಗಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ರೋಮಿನ ಕೇಟೋ ಎಂಬಾತ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೊಲಗೆಲಸದ ಲೆಕ್ಕಾಚಾರದ ನಡುವೆಯೇ ಒಂದು ಅಡಿಗೆ ಹೇಳುತ್ತಾನೆ: ಎರಡು ಪೌಂಡು ಗಿಣ್ಣನ್ನು ಒರಳಲ್ಲಿ ಚೆನ್ನಾಗಿ ಅರೆದು, ಒಂದು ಪೌಂಡು ಗೋಧಿ ಹಿಟ್ಟು, ಒಂದು ಮೊಟ್ಟೆ ಬೆರೆಸಿ, ಎಲೆಯ ಮೇಲೆ ತಟ್ಟಿ, ಬಿಸಿ ಒಲೆಗಲ್ಲಿನ ಮೇಲಿಟ್ಟು ಮಡಕೆ ಕವುಚಿ ನಿಧಾನವಾಗಿ ಬೇಯಿಸಬೇಕು. ಎಮ್ಮೆ, ಎತ್ತು, ಗೊಬ್ಬರದ ಮಾತಿನ ನಡುವೆ ಸಿಹಿತಿಂಡಿ ಬರುವುದು ನಮ್ಮ ಒಕ್ಕಲುತನದ ಮನೆಗಳಲ್ಲಿ ಆಶ್ಚರ್ಯದ ಸಂಗತಿಯೇನಲ್ಲ. ನಮ್ಮ ದೇಶದಲ್ಲಿ ಒಡಿಶಾದ 'ಛೇನಾಪೋಡ' ಈ ಜಾತಿಗೆ ಸೇರಿದ್ದು. ಹೆಸರಿನ ಅರ್ಥ 'ಸುಟ್ಟ ಛೇನಾ'. ಒಡೆದ ಹಾಲಿನ ಗಟ್ಟಿಗೆ ಸಕ್ಕರೆ ಬೆರೆಸಿ ಎಲೆಯಲ್ಲಿ ಸುತ್ತಿ ಕೆಂಪಗೆ ಸುಡುತ್ತಾರೆ.

ಆದರೂ ರಿಕೋಟ್ಟಾಕ್ಕೆ ನಿಜವಾದ ರಕ್ತಸಂಬಂಧ ಇರುವುದು ಛೇನಾದೊಡನಲ್ಲ, ನಮ್ಮ ಗಿಣ್ಣದೊಡನೆ. ಅದು ಹೇಗೆಂದು ತಿಳಿಯಲು ಹಾಲಿನೊಳಗೆ ಸ್ವಲ್ಪ ಇಣುಕಬೇಕು.

ಕಾಯಿಸಿದ ಹಾಲಿನ ನಾಡು

ಹಾಲಿನ ಪ್ರೋಟೀನುಗಳಲ್ಲಿ ಎರಡು ಪಂಗಡ. ಮೊದಲನೆಯದು ಕೇಸೀನ್. ಹುಳಿ ಬಿದ್ದರೆ ಇದು ಗಟ್ಟಿಯಾಗುತ್ತದೆ, ಆದರೆ ಬರೀ ಬಿಸಿಗೆ ಜಗ್ಗುವುದಿಲ್ಲ. ಅದಕ್ಕೇ ದಿನವೂ ಹಾಲು ಉಕ್ಕುತ್ತದೆಯೇ ಹೊರತು ಒಡೆಯುವುದಿಲ್ಲ. ಎರಡನೆಯದು ಹಾಲೊಡಕಿನ ಪ್ರೋಟೀನುಗಳು. ಇವುಗಳ ಸ್ವಭಾವ ತದ್ವಿರುದ್ಧ: ಹುಳಿಗೆ ಹೆದರುವುದಿಲ್ಲ, ಬಿಸಿಗೆ ಸೋಲುತ್ತವೆ. ಮೊಟ್ಟೆಯ ಬಿಳಿಭಾಗ ಬೆಂದು ಗಟ್ಟಿಯಾಗುವಂತೆ ಇವೂ ಸುಮಾರು 70-80 ಡಿಗ್ರಿ ದಾಟಿದಾಗ ಸುರುಳಿ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ರಿಕೋಟ್ಟಾ ಆಗುವುದು ಈ ಎರಡನೆಯ ಪಂಗಡದಿಂದ. ಗಿಣ್ಣ ಗಟ್ಟಿಯಾಗುವುದೂ ಇದರಿಂದಲೇ.

ಹಾಗಾದರೆ ಹೈನಿಗೆ ಹೆಸರಾದ ನಮ್ಮ ನಾಡಿನಲ್ಲಿ ರಿಕೋಟ್ಟಾ ಏಕೆ ಹುಟ್ಟಲಿಲ್ಲ? ಕಾರಣ ನಮ್ಮ ಅಡಿಗೆಮನೆಯ ಮೊದಲ ನಿಯಮದಲ್ಲಿದೆ. ನಾವು ಹಾಲನ್ನು ಮೊದಲು ಕಾಯಿಸುತ್ತೇವೆ, ಮಾಡುವುದೆಲ್ಲ ಆಮೇಲೆ. ಮೊಸರಿಗೂ ಕಾಯಿಸಿದ ಹಾಲು, ಪನೀರಿಗೂ ಕಾಯಿಸಿದ ಹಾಲು. ಕುದಿಯುವ ಹಾಲಿನಲ್ಲಿ ಹಾಲೊಡಕಿನ ಪ್ರೋಟೀನುಗಳು ಕೇಸೀನಿಗೆ ಅಂಟಿಕೊಂಡುಬಿಡುತ್ತವೆ. ನಿಂಬೆರಸ ಹಿಂಡಿದಾಗ ಎರಡೂ ಒಟ್ಟಿಗೆ ಗಟ್ಟಿಯಾಗಿ ಬಟ್ಟೆಯಲ್ಲಿ ಉಳಿಯುತ್ತವೆ. ಕೆಳಗಿಳಿದ ನೀರಿನಲ್ಲಿ ಮತ್ತೆ ಬೇಯಿಸಿ ತೆಗೆಯುವಂಥದ್ದು ಹೆಚ್ಚೇನೂ ಇರುವುದಿಲ್ಲ. ಮನೆಯಲ್ಲಿ ಪನೀರು ಮಾಡಿ ಆ ನೀರಿನಿಂದ ರಿಕೋಟ್ಟಾ ತೆಗೆಯುತ್ತೇನೆಂದು ಹೊರಟವರಿಗೆ ಒಂದು ಚಮಚೆಯಷ್ಟೂ ಸಿಕ್ಕದಿದ್ದರೆ ಅದು ಅವರ ಕೈಗುಣದ ದೋಷವಲ್ಲ.

ಇಟಲಿಯವರು ಹಾಲನ್ನು ಕುದಿಸದೆ, ಉಗುರುಬೆಚ್ಚಗೆ ಮಾಡಿ 'ರೆನ್ನೆಟ್' ಎಂಬ ಕಿಣ್ವದಿಂದ ಹೆಪ್ಪಾಗಿಸುತ್ತಾರೆ. ಆಗ ಕೇಸೀನ್ ಮಾತ್ರ ಗಟ್ಟಿಯಾಗುತ್ತದೆ. ಉಳಿದ ಪಂಗಡ ತಿಳಿನೀರಿನಲ್ಲಿ ಹಾಗೆಯೇ ಉಳಿದು ಎರಡನೆಯ ಬೇಯುವಿಕೆಗೆ ಕಾಯುತ್ತದೆ. ಈ ರೆನ್ನೆಟ್ ಸಾಂಪ್ರದಾಯಿಕವಾಗಿ ಬರುತ್ತಿದ್ದುದು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ, ಕರುವನ್ನು ಕೊಂದ ಮೇಲೆ. ಈಗ ಸೂಕ್ಷ್ಮಜೀವಿಗಳಿಂದಲೂ ಅದನ್ನು ತಯಾರಿಸುತ್ತಾರೆ. ಆ ದಾರಿಯಲ್ಲಿ ಹೋಗದ ನಮಗೆ ಹಾಲೊಡಕಿನ ಪ್ರೋಟೀನು ಗಟ್ಟಿಯಾಗುವ ಚಮತ್ಕಾರ ಕಣ್ಣಿಗೆ ಬೀಳುವುದು ವರ್ಷಕ್ಕೊಮ್ಮೆ, ಕೊಟ್ಟಿಗೆಯಲ್ಲಿ ಕರು ಹುಟ್ಟಿದಾಗ.

ಏಕೆಂದರೆ ಗಿಣ್ಣದ ಹಾಲಿನಲ್ಲಿ ಆ ಪ್ರೋಟೀನುಗಳ ದೊಡ್ಡ ರಾಶಿಯೇ ಇರುತ್ತದೆ. ಮಾಮೂಲಿ ಆಕಳ ಹಾಲಿನಲ್ಲಿ ಒಟ್ಟು ಪ್ರೋಟೀನು ನೂರಕ್ಕೆ ಸುಮಾರು ಮೂರು ಪಾಲು. ಹೋಲ್‌ಸ್ಟೀನ್ ಆಕಳುಗಳ ಮೇಲೆ ನಡೆದ ಅಳತೆಗಳ ಪ್ರಕಾರ ಈದ ನಂತರದ ಮೊದಲ ಕರೆಯುವಿಕೆಯಲ್ಲಿ ಅದು ನೂರಕ್ಕೆ 14ರಷ್ಟಿರುತ್ತದೆ. ಎರಡನೆಯ ಸಲಕ್ಕೆ 8, ಮೂರನೆಯದಕ್ಕೆ 5; ಇಳಿಯುವ ವೇಗ ಅಷ್ಟು. ಹಾಲು ಸಕ್ಕರೆ ಮಾತ್ರ ಮೊದಲ ದಿನ ಮಾಮೂಲಿನ ಅರ್ಧದಷ್ಟೇ. ಗಿಣ್ಣಕ್ಕೆ ಬೆಲ್ಲ ಕೈತುಂಬ ಬೇಕಾಗುವುದಕ್ಕೆ ಇದೂ ಒಂದು ಕಾರಣವಿರಬಹುದು. ಆಕಳ ಗಿಣ್ಣದ ಹಾಲಿನ ಹಳದಿ ಬಣ್ಣ ಕ್ಯಾರೋಟಿನ್ ಎಂಬ ವಸ್ತುವಿನದು. ಎಮ್ಮೆಯ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎಮ್ಮೆಯ ಗಿಣ್ಣ ಅಷ್ಟು ಹಳದಿಯಾಗುವುದಿಲ್ಲ.

ಹದಿನಾಲ್ಕರಲ್ಲಿ ದೊಡ್ಡ ಪಾಲು ಯಾವುದರದು? ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರೋಟೀನಿನದು. ಶಾಲೆಯ ಪುಸ್ತಕದಲ್ಲಿ 'ಪ್ರತಿಕಾಯ' ಎಂದು ಓದುತ್ತೇವಲ್ಲ, ರೋಗಾಣುಗಳನ್ನು ಗುರುತಿಸಿ ಹಿಡಿಯುವ ಅಣುಗಳು, ಅವೇ ಇವು. ಬಟ್ಟಲಲ್ಲಿ ಗಿಣ್ಣ ಅಲುಗಾಡದೆ ನಿಲ್ಲುವುದಕ್ಕೆ ಮುಖ್ಯ ಕಾರಣ ಈ ಪ್ರತಿಕಾಯಗಳು. ಅವು ಅಲ್ಲಿಗೆ ಬಂದದ್ದು ನಮ್ಮ ಬಟ್ಟಲಿಗಾಗಿ ಅಲ್ಲ.

ಮೊದಲ ಆರು ತಾಸು

ಮನುಷ್ಯರ ಕೂಸಿಗೆ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಹುಟ್ಟುವ ಮೊದಲೇ ಮಾಸುವಿನ ಮೂಲಕ ಬಂದಿರುತ್ತವೆ. ದನಕರುಗಳಲ್ಲಿ ಹಾಗಿಲ್ಲ. ಆಕಳು, ಎಮ್ಮೆ, ಕುರಿ, ಆಡುಗಳ ಮಾಸುವಿನ ರಚನೆ ಬೇರೆ. ಅದು ಪ್ರತಿಕಾಯಗಳನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಕರು ಹುಟ್ಟುವಾಗ ರೋಗಗಳ ಎದುರು ಬರಿಗೈಯಲ್ಲಿರುತ್ತದೆ. ತಾಯಿ ತನ್ನ ಆಯುಷ್ಯದಲ್ಲಿ ಎದುರಿಸಿದ ರೋಗಗಳ ಅನುಭವವನ್ನೆಲ್ಲ ಕೆಚ್ಚಲಿನಲ್ಲಿ ಸೇರಿಸಿಟ್ಟು ಮೊದಲ ಹಾಲಿನ ರೂಪದಲ್ಲಿ ಕೊಡುತ್ತದೆ.

ಇಲ್ಲಿ ನಡೆಯುವ ಒಂದು ಸಂಗತಿ ಇಟಲಿಯ ಕುರಿಗಾಹಿಯ ಕೆಲಸದಂತೆಯೇ ಇದೆ. ಕರುವಿನ ನಾಲ್ಕನೆಯ ಹೊಟ್ಟೆಯಲ್ಲಿ ರೆನ್ನೆಟ್ ಕೇಸೀನನ್ನು ಹೆಪ್ಪುಗಟ್ಟಿಸಿ ಅಲ್ಲಿಯೇ ನಿಲ್ಲಿಸುತ್ತದೆ. ತಿಳಿನೀರು ಪ್ರತಿಕಾಯಗಳನ್ನು ಹೊತ್ತು ಕರುಳಿಗೆ ಇಳಿಯುತ್ತದೆ. ಎಳೆಗರುವಿನ ಕರುಳು ಆ ದೊಡ್ಡ ಅಣುಗಳನ್ನು ಜೀರ್ಣಿಸದೆ, ಒಡೆಯದೆ, ಇಡಿಯಾಗಿ ರಕ್ತಕ್ಕೆ ಸೇರಿಸುತ್ತದೆ. ಈ ಬಾಗಿಲು ತೆರೆದಿರುವುದು ಸ್ವಲ್ಪ ಹೊತ್ತು ಮಾತ್ರ. ಮೊದಲ ಕೆಲವು ತಾಸುಗಳಲ್ಲಿ ಪೂರ್ತಿ ತೆರೆದಿರುತ್ತದೆ, ಆರು ತಾಸಿನ ನಂತರ ಕಿರಿದಾಗುತ್ತ ಹೋಗುತ್ತದೆ, 24 ತಾಸಿನ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಮರುದಿನ ಕೊಡ ತುಂಬ ಗಿಣ್ಣದ ಹಾಲು ಕುಡಿಸಿದರೂ ಕಳೆದುಹೋದ ಆ ಹೊತ್ತು ಬರುವುದಿಲ್ಲ.

ತಾಯಿಹಾಲಿನಿಂದ ರೋಗ ತಡೆಯುವ ಶಕ್ತಿ ಬರುತ್ತದೆಂದು ಮೊದಲು ತೋರಿಸಿದವನು ಜರ್ಮನಿಯ ಪೌಲ್ ಎರ್ಲಿಕ್. 1892ರಲ್ಲಿ ಆತ ಪ್ರಯೋಗಕ್ಕೆ ಬಳಸಿದ ವಿಷಗಳು ನಮ್ಮ ಹೊಲದ ಬದುವಿನವೇ: ಔಡಲ ಬೀಜದ್ದು ಮತ್ತು ಗುಲಗಂಜಿಯದು. ಅಲ್ಪಸ್ವಲ್ಪ ವಿಷ ಕೊಟ್ಟು ಅದನ್ನು ತಡೆಯುವಂತೆ ಮಾಡಿದ ತಾಯಿ ಇಲಿಗಳ ಬಳಿ ಬೇರೆ ಇಲಿಗಳ ಮರಿಗಳನ್ನು ಹಾಲಿಗೆ ಬಿಟ್ಟ. ಹಾಲು ಕುಡಿದ ಆ ಮರಿಗಳೂ ವಿಷವನ್ನು ತಡೆದುಕೊಂಡವು. ಕರುಗಳ ಬಗ್ಗೆ ಅಮೆರಿಕದಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್ ಎಂಬವರು 1922ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ನೇರ. ಗಿಣ್ಣದ ಹಾಲು ಕುಡಿದ ಕರುಗಳು ಬದುಕಿಕೊಂಡವು. ಅದಿಲ್ಲದೆ ಮಾಮೂಲಿ ಹಾಲು ಕುಡಿದವುಗಳಲ್ಲಿ ಹೆಚ್ಚಿನವು ಸತ್ತವು.

ಇಷ್ಟು ಗೊತ್ತಾಗಿ ನೂರು ವರ್ಷ ಕಳೆದರೂ ನಮ್ಮ ಕೊಟ್ಟಿಗೆಗಳಲ್ಲಿ ಒಂದು ಹಳೆಯ ನಂಬಿಕೆ ಹೋಗಿಲ್ಲ. ಮಾಸು ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದು ಎನ್ನುವುದು. ಮಾಸು ಬೀಳಲು ಕೆಲವು ತಾಸು ಬೇಕು, ಹನ್ನೆರಡು ತಾಸಿನವರೆಗೂ ಹಿಡಿಯಬಹುದು. ಸಂಜೆ ಈದ ಎಮ್ಮೆಯ ಕರು ಬೆಳಗಿನವರೆಗೆ ಬಾಯಾರಿ ಬಿದ್ದಿರುತ್ತದೆ. ಬಾಗಿಲು ಅಷ್ಟರಲ್ಲಿ ಮುಚ್ಚುತ್ತ ಬಂದಿರುತ್ತದೆ. ಪಶುವೈದ್ಯರು ಹೇಳುವುದು ಇದಕ್ಕೆ ಪೂರಾ ವಿರುದ್ಧ. ಕರು ಮೊಲೆ ಚೀಪಿದಾಗ ತಾಯಿಯ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಚೋದಕ ಹೆಚ್ಚುತ್ತದೆ. ಹಾಲು ಸೊರೆ ಬಿಡುವುದು ಅದರಿಂದಲೇ, ಗರ್ಭಕೋಶ ಕುಗ್ಗಿ ಮಾಸು ಬೀಳಲು ನೆರವಾಗುವುದೂ ಅದರಿಂದಲೇ. ಮಾಸು ಬೇಗ ಬೀಳಬೇಕೆಂದಿದ್ದರೆ ಕರುವನ್ನು ಬಿಡುವುದೇ ಜಾಣತನ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಹೆಣ್ಣುಗರುವಾದರೆ ಮೊಲೆಗೆ ಬಿಡುವ ಕೈ, ಕೋಣಗರುವೋ ಮಿಶ್ರತಳಿಯ ಗಂಡುಗರುವೋ ಆದರೆ ತಡೆಯುತ್ತದೆ. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಸರ ಕಟ್ಟಿದ ಹೋರಿಗಳನ್ನು ನೋಡಲು ಊರೆಲ್ಲ ನೆರೆಯುವ ಜಿಲ್ಲೆ ನಮ್ಮದು. ಆ ಹೋರಿಗಳ ಸುತ್ತ ಮುತ್ತುವ ಅಭಿಮಾನದಲ್ಲಿ ಒಂದು ಚರಿಗೆಯಷ್ಟು ಕೊಟ್ಟಿಗೆಯ ಮೂಲೆಯ ಗಂಡುಗರುವಿಗೂ ಸಿಗಬಾರದೇಕೆ?

ಲೆಕ್ಕ ಬೇಕಾದವರಿಗೆ: ಕರುವಿನ ತೂಕದ ಹತ್ತನೆಯ ಒಂದು ಪಾಲು ಹಾಲು ಮೊದಲ ಕೆಲವು ತಾಸಿನಲ್ಲಿ ಹೊಟ್ಟೆಗೆ ಹೋಗಬೇಕು. 30 ಕಿಲೋ ತೂಗುವ ಮಿಶ್ರತಳಿ ಕರುವಿಗೆ 3 ಲೀಟರು. ಎದ್ದು ನಿಲ್ಲಲಾರದ ಕರುವಿಗೆ ಸ್ವಚ್ಛವಾದ ಬಾಟಲಿಗೆ ನಿಪ್ಪಲು ಹಾಕಿ ಕುಡಿಸಬೇಕು. ಕಾಯಿಸಿ ಕುಡಿಸುತ್ತೇನೆಂದರೆ ಅದು ಗಿಣ್ಣವಾಗುತ್ತದೆ, ಪ್ರತಿಕಾಯ ಉಳಿಯುವುದಿಲ್ಲ. ಚೆನ್ನಾಗಿ ಹಾಲು ಕೊಡುವ ಮಿಶ್ರತಳಿ ಆಕಳಲ್ಲಿ ಕರುವಿಗೆ ಇಷ್ಟು ಕೊಟ್ಟ ಮೇಲೂ ಓಣಿಗೆ ಹಂಚುವಷ್ಟು ಮಿಗುತ್ತದೆ. ಜವಾರಿ ಆಕಳು ಹಾಗಲ್ಲ. ಅದು ಕೊಡುವುದೇ ಸ್ವಲ್ಪ. ಮೊದಲ ದಿನದ್ದು ಕರುವಿಗೇ ಸರಿಹೋಗುತ್ತದೆ. ನಮ್ಮ ಭಾಗದ ಧಾರವಾಡಿ ಎಮ್ಮೆ 2021ರಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿದೆ. ಪೇಢೆಯ ಹಾಲಿಗೆ ಹೆಸರಾದ ಈ ತಳಿ ಉಳಿಯುವುದೂ ಕೊನೆಗೆ ಅದರ ಕರು ಮೊದಲ ತಿಂಗಳು ಬದುಕುವುದರ ಮೇಲೆಯೇ ನಿಂತಿದೆ.

ಮನೆಯಲ್ಲಿ ಫ್ರಿಜ್ ಇರುವ ರೈತರು ಮಿಕ್ಕ ಮೊದಲ ಹಾಲಿನಲ್ಲಿ ಒಂದೆರಡು ಬಾಟಲಿಯನ್ನು ಮಂಜುಗಟ್ಟುವ ಖಾನೆಯಲ್ಲಿ ಇಟ್ಟುಕೊಂಡರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಓಣಿಯಲ್ಲಿ ತಾಯಿ ಸತ್ತ ಕರುವಿಗೋ ಕೆಚ್ಚಲು ಬಾತ ಆಕಳಿನ ಕರುವಿಗೋ ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ ಕುಡಿಸಬಹುದು. ಹಂಚಿ ತಿನ್ನುವ ರೂಢಿಯಿರುವ ಓಣಿಗೆ ಈ ಹಂಚಿಕೆಯೇನೂ ಹೊಸದೆನಿಸಲಾರದು.

ನಮಗೆ ಸಿಗುವುದೇನು

'ಗಿಣ್ಣ ತಿಂದರೆ ಮಕ್ಕಳಿಗೆ ರೋಗ ಹತ್ತಿರ ಸುಳಿಯುವುದಿಲ್ಲ' ಎಂದು ಹೇಳುವವರಿದ್ದಾರೆ. ಗಿಣ್ಣದ ಹಾಲಿನ ಪುಡಿ, ಗುಳಿಗೆಗಳೂ ಇದೇ ಮಾತಿನ ಬಲದಿಂದ ಮಾರಾಟವಾಗುತ್ತವೆ. ಆದರೆ ಗಿಣ್ಣ ಗಟ್ಟಿಯಾಯಿತು ಎಂದರೆ ಪ್ರತಿಕಾಯಗಳು ತಮ್ಮ ರೂಪ ಕಳೆದುಕೊಂಡವು ಎಂದೇ ಅರ್ಥ. ಬೆಂದ ಮೊಟ್ಟೆಯಿಂದ ಮರಿ ಹೊರಬರುವುದಿಲ್ಲವಷ್ಟೆ. ಕಾಯಿಸದೆ ಕುಡಿದರೂ ನಮ್ಮ ಕರುಳು ಕರುವಿನ ಕರುಳಲ್ಲ. ಅವುಗಳನ್ನು ಬೇಳೆಯಂತೆ, ಮೊಟ್ಟೆಯಂತೆ ಜೀರ್ಣಿಸಿಬಿಡುತ್ತದೆ. ಕರುವಿಗೆ ಪ್ರಾಣವಾಗಿರುವ ವಸ್ತು ನಮಗೆ ಬರೀ ಗಟ್ಟಿತನ. ಒಳ್ಳೆಯ ಪ್ರೋಟೀನು, ಎ ಜೀವಸತ್ವ ಸಿಗುತ್ತವೆ, ಅದಕ್ಕಿಂತ ಹೆಚ್ಚಾಗಿ ರುಚಿ ಸಿಗುತ್ತದೆ. ತಿನ್ನಲು ಅಷ್ಟು ಕಾರಣ ಸಾಕು.

ಹಸಿ ಗಿಣ್ಣದ ಹಾಲನ್ನು ಮಾತ್ರ ಯಾರೂ ಕುಡಿಯಬಾರದು. ಕಂದು ಹಾಕಿದ ದನದ ಹಾಲಿನಿಂದ ಬ್ರುಸೆಲ್ಲಾ ರೋಗ ಮನುಷ್ಯರಿಗೆ ಅಂಟಬಲ್ಲದು. ಅಂಥ ದನದ ಗಿಣ್ಣದ ಗೋಜಿಗೆ ಹೋಗದಿರುವುದೇ ಲೇಸು. ಕೆಚ್ಚಲಿಗೆ ಔಷಧಿ ಹಾಕಿಸಿದ್ದರೆ ಎಷ್ಟು ದಿನ ಹಾಲು ಬಳಸಬಾರದೆಂದು ಪಶುವೈದ್ಯರನ್ನು ಕೇಳಬೇಕು. ಹಾಲು ಒಗ್ಗದ ಮಕ್ಕಳಿಗೆ ಗಿಣ್ಣವೂ ಒಗ್ಗದಿರಬಹುದು.

ತಾಯಂದಿರ ಮಾತು ಬೇರೆ. ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನೂ ನಮ್ಮಲ್ಲಿ ಗಿಣ್ಣದ ಹಾಲು ಎನ್ನುವುದುಂಟು. ಅದನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸುತ್ತಿದ್ದ ಮನೆಗಳು ಕಡಿಮೆಯೇನಿರಲಿಲ್ಲ. ಕೂಸಿಗೆ ಮಾಸುವಿನ ಮೂಲಕ ಒಂದಷ್ಟು ರಕ್ಷಣೆ ಬಂದಿದ್ದರೂ ಕರುಳಿನ ಒಳಗೋಡೆಯನ್ನು ಕಾಯುವ ಪ್ರತಿಕಾಯಗಳು ಬರುವುದು ಆ ಹಳದಿ ಹಾಲಿನಿಂದಲೇ. ಹುಟ್ಟಿದ ಒಂದು ತಾಸಿನೊಳಗೆ ಮೊಲೆಗೆ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಟ್ಟಿಗೆಯಲ್ಲಿ ಕರುವನ್ನು ತಡೆದ ಕೈಯೂ ಬಾಣಂತಿ ಕೋಣೆಯಲ್ಲಿ ಕೂಸನ್ನು ತಡೆದ ಕೈಯೂ ಎಷ್ಟೋ ಸಲ ಒಂದೇ ಆಗಿದ್ದವು.

ಮಾಡುವ ಬಗೆ

ಕರುವಿನ ಪಾಲು ಮುಗಿಯಿತು. ಈಗ ಅಡಿಗೆಮನೆಗೆ ಬರಬಹುದು. ಅನುಭವಿ ಹೆಂಗಸರು ಅಳತೆಯ ಬಟ್ಟಲು ಹುಡುಕುವುದಿಲ್ಲ, ಹಾಲಿನ ದಪ್ಪ ನೋಡಿಯೇ ಹೇಳುತ್ತಾರೆ. ಮೊದಲ ದಿನದ ಹಾಲಾದರೆ ಒಂದು ಪಾಲಿಗೆ ಎರಡು-ಮೂರು ಪಾಲು ಮಾಮೂಲಿ ಹಾಲು ಬೆರೆಸಬೇಕು. ಇಲ್ಲದಿದ್ದರೆ ಗಿಣ್ಣ ರಬ್ಬರಿನಂತೆ ಬಿರುಸಾಗುತ್ತದೆ. ಎರಡನೆಯ ದಿನದ್ದಕ್ಕೆ ಸಮಪಾಲು ಹಾಲು ಸಾಕು. ಮೂರನೆಯ ದಿನದ್ದಕ್ಕೆ ಏನೂ ಬೆರೆಸದಿದ್ದರೂ ನಡೆದೀತು, ಸ್ವಲ್ಪ ಸಡಿಲ ನಿಲ್ಲುತ್ತದೆ. ಮೇಲೆ ಹೇಳಿದ 14, 8, 5ರ ಲೆಕ್ಕಕ್ಕೂ ಇದಕ್ಕೂ ಎಷ್ಟು ಹೊಂದುತ್ತದೆ ನೋಡಿ! ಕರುವಿಗೆ ಮೊದಲ ದಿನದ್ದು ಬಿಟ್ಟು ನಾವು ಎರಡನೆಯ ದಿನದ್ದರಿಂದ ಶುರುಮಾಡಿದರೆ ರುಚಿಗೇನೂ ನಷ್ಟವಿಲ್ಲ.

ಬೆರೆಸಿದ ಹಾಲು ಒಂದು ಲೀಟರಿಗೆ 200ರಿಂದ 250 ಗ್ರಾಂ ಬೆಲ್ಲ. ಪುಡಿ ಮಾಡಿ ತಣ್ಣನೆಯ ಹಾಲಿನಲ್ಲೇ ಕರಗಿಸಿ ಬಟ್ಟೆಯಲ್ಲಿ ಸೋಸಬೇಕು. ಬೆಲ್ಲದಲ್ಲಿ ಕಸ, ಮರಳು ಇದ್ದೇ ಇರುತ್ತವೆ. ಚಿಟಿಕೆ ಒಣಶುಂಠಿ, ಬೇಕಿದ್ದರೆ ಜಾಜಿಕಾಯಿ, ನಾಲ್ಕೈದು ಯಾಲಕ್ಕಿ. ಯಾಲಕ್ಕಿಯ ವಿಷಯದಲ್ಲಿ ಹಾವೇರಿಯವರಿಗೆ ಬೇರೆಯವರು ಹೇಳಿಕೊಡಬೇಕಾದ್ದಿಲ್ಲ. ಮಲೆನಾಡಿನಲ್ಲಿ ಬೆಳೆದ ಯಾಲಕ್ಕಿಯನ್ನು ತಂದು ಇಲ್ಲಿಯ ಬಾವಿ ನೀರಿನಲ್ಲಿ ಅಂಟುವಾಳದ ಕಾಯಿ ಹಾಕಿ ತೊಳೆದು ಬಿಳುಪು ಮಾಡಿ ಮಾರುತ್ತಿದ್ದ ಊರು ಇದು. ಇಲ್ಲಿಯ ಯಾಲಕ್ಕಿ ಹಾರ ಇಂದಿಗೂ ದೊಡ್ಡವರ ಕೊರಳಿಗೆ ಬೀಳುತ್ತದೆ. ಪಕ್ಕದ ಬ್ಯಾಡಗಿಯ ಕೆಂಪು ಮಾತ್ರ ಈ ಪಾತ್ರೆಯಲ್ಲಿ ಕೆಲಸಕ್ಕೆ ಬಾರದು. ಅದಕ್ಕೆ ಮಧ್ಯಾಹ್ನದ ಸಾರು ಕಾದಿರುತ್ತದೆ.

ಇದನ್ನು ತಟ್ಟೆಗೋ ಡಬ್ಬಿಗೋ ಸುರಿದು, ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ಅಥವಾ ಸೀಟಿ ಹಾಕದ ಕುಕ್ಕರಿನಲ್ಲಿ ಹಬೆಗಿಟ್ಟು 20-30 ನಿಮಿಷ ಬೇಯಿಸಬೇಕು. ಉರಿ ಜೋರಾದರೆ ಒಳಗೆಲ್ಲ ತೂತು ಬಿದ್ದು ನೀರು ಬಿಡುತ್ತದೆ; ಪ್ರೋಟೀನಿನ ಹೆಣಿಗೆ ಅತಿಯಾಗಿ ಬಿಗಿದು ನೀರನ್ನು ಹಿಂಡಿ ಹಾಕುವುದರಿಂದ ಹೀಗಾಗುತ್ತದೆ. ಚಾಕು ಚುಚ್ಚಿ ತೆಗೆದಾಗ ಏನೂ ಅಂಟದಿದ್ದರೆ ಆಯಿತು. ಪೂರ್ತಿ ಆರಿದ ಮೇಲೆಯೇ ಕೊಯ್ಯಬೇಕು. ಆತುರಪಡುವ ಮಕ್ಕಳಿರುವ ಮನೆಯಲ್ಲಿ ಕಷ್ಟದ ಭಾಗ ಇದೊಂದೇ.

ಹಬೆಯ ತಾಪತ್ರಯ ಬೇಡವೆಂದು ಹಾಲು, ಬೆಲ್ಲ ಸೇರಿಸಿ ನೇರವಾಗಿ ಒಲೆಯ ಮೇಲೆ ಕುದಿಸುವವರೂ ಉಂಟು. ಆಗ ಅದು ಒಡೆದು, ಕಾಳುಕಾಳಾಗಿ, ಬೆಲ್ಲದ ನೀರಿನಲ್ಲಿ ತೇಲುತ್ತದೆ. ನೋಡಲು ಅಷ್ಟು ಚೆಂದವಿಲ್ಲ, ಆದರೆ ತಿಂದವರು ಬಿಡುವುದಿಲ್ಲ. ರಿಕೋಟ್ಟಾವನ್ನು ಕಂಡವರಿಗೆ ಇದರ ಗುರುತು ಥಟ್ಟನೆ ಹತ್ತೀತು. ಮನೆಯಲ್ಲಿ ಗೂಡೊಲೆ ಇರುವವರು ಬೆರೆಸಿದ ಹಾಲನ್ನು ನೀರಿನ ತಟ್ಟೆಯೊಳಗಿಟ್ಟು 150-160 ಡಿಗ್ರಿಯಲ್ಲಿ ಮುಕ್ಕಾಲು ತಾಸು ಸುಟ್ಟು ನೋಡಬಹುದು. ಮೇಲೆ ಕಂದು ಪದರ ಕಟ್ಟುತ್ತದೆ, ಬೆಲ್ಲ ಸುಟ್ಟ ವಾಸನೆ ಬರುತ್ತದೆ. ಹಾವೇರಿಯ ಗಿಣ್ಣ ಅರ್ಧ ದಾರಿ ಸಿಸಿಲಿಗೆ ಹೋದಂತೆ.

ಪಟ್ಟಣಗಳಲ್ಲಿ ಈಗ ಗಿಣ್ಣದ ಹಾಲು ದುಡ್ಡಿಗೂ ಸಿಗುತ್ತದೆ, ಮೊದಲೇ ಹೇಳಿಟ್ಟರೆ ಮನೆಗೂ ಬರುತ್ತದೆ. ಹಾಲಿಗೆ ಬೆರೆಸಿ ಬೇಯಿಸುವ ಪುಡಿಯ ಪೊಟ್ಟಣಗಳೂ ಅಂಗಡಿಯಲ್ಲಿವೆ. ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಬೆಲೆ ಕಟ್ಟಿದ ಮೇಲೆ ಮೊದಲ ಚರಿಗೆ ಯಾರ ಕಡೆ ಹೋಗುತ್ತದೆ ಎಂಬುದೊಂದೇ ಚಿಂತೆ. ತಂದುಕೊಡುವವರು ಪರಿಚಿತರಾಗಿದ್ದರೆ 'ಕರ ಕುಡಿದೈತೇನ್ರಿ?' ಎಂದು ಒಂದು ಮಾತು ಕೇಳಬಹುದು. ಎರಡನೆಯ ದಿನದ ಹಾಲೇ ಸಾಕೆಂದು ಕೇಳಿ ಪಡೆಯಬಹುದು.

ಮನೆಯಲ್ಲಿ ದನವಿರುವ ವಿದ್ಯಾರ್ಥಿಗಳು ಈ ಸಲ ಕರು ಹುಟ್ಟಿದಾಗ ಒಂದು ಪ್ರಯೋಗ ಮಾಡಿ ನೋಡಬಹುದು. ಕರು ಹೊಟ್ಟೆ ತುಂಬ ಕುಡಿದ ಮೇಲೆ ದಿನಕ್ಕೆ ನಾಲ್ಕು ಚಮಚೆಯಷ್ಟು ಹಾಲನ್ನು ಸಣ್ಣ ಬಟ್ಟಲಿನಲ್ಲಿ ತೆಗೆದು, ಬೆಲ್ಲ ಹಾಕದೆ, ದಿನವೂ ಅಷ್ಟೇ ಹೊತ್ತು ಹಬೆಯಲ್ಲಿಟ್ಟು, ಬಟ್ಟಲನ್ನು ಓರೆ ಮಾಡಿ ನೋಡಿ ಬರೆದಿಡಬೇಕು. ಮೊದಲ ದಿನದ್ದು ಓರೆ ಮಾಡಿದರೂ ಅಲುಗುವುದಿಲ್ಲ. ಎರಡನೆಯ ದಿನದ್ದು ನಡುಗುತ್ತದೆ. ಮೂರನೆಯದು ತೆಳುವಾದ ಮೊಸರಿನಂತೆ ಜಾರುತ್ತದೆ. ಐದನೆಯ ದಿನದ ಹೊತ್ತಿಗೆ ಬಟ್ಟಲಿನಲ್ಲಿ ಬರೀ ಬಿಸಿ ಹಾಲು ಇರುತ್ತದೆ. ಸಾಮಾನ್ಯವಾಗಿ ಅಂದಿನಿಂದ ಕ್ಯಾನು ಮತ್ತೆ ಡೇರಿಯ ಹಾದಿ ಹಿಡಿಯುತ್ತದೆ.